19ನೇ ಶತಮಾನದ ವೋಟಿನ ಹಕ್ಕು: ಬ್ರಿಟನ್, ಫ್ರಾನ್ಸ್, ಪ್ರಷ್ಯಾ, ಬೆಲ್ಜಿಯಂ, ಓದಲು ಯಾವುದನ್ನು ಆರಿಸಿಕೊಳ್ಳಬೇಕು?

19ನೇ ಶತಮಾನದಲ್ಲಿ ಯಾರಿಗೆ ವೋಟು ಸಿಕ್ಕಿತು, ಹೇಗೆ ಸಿಕ್ಕಿತು ಅಂತ ಓದಲು ಹೊರಟವರು ಮೊದಲು ತಡವರಿಸುವುದು ದೇಶ ಆರಿಸುವ ಹೊತ್ತಿನಲ್ಲಿ. ಕಾಲೇಜಿನ ಸೆಮಿನಾರ್ ಇರಬಹುದು, ಸ್ಪರ್ಧಾತ್ಮಕ ಪರೀಕ್ಷೆಯ ಪ್ರಬಂಧ ಇರಬಹುದು, ಸುಮ್ನೆ ಆಸಕ್ತಿಗೆ ಓದುವುದೂ ಇರಬಹುದು. ಎಲ್ಲ ದೇಶಗಳನ್ನೂ ಒಟ್ಟಿಗೆ ಹಿಡಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಇಸವಿಗಳ ಒಂದು ಪಟ್ಟಿ, ಅಷ್ಟೇ. ಒಂದು ದೇಶವನ್ನು ಸರಿಯಾಗಿ ಓದಿ, ಅದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಿದರೆ ವಿಷಯ ತಲೆಗೆ ಇಳಿಯುತ್ತದೆ. ಯಾವುದರಲ್ಲಿ ಏನು ಸಿಗುತ್ತದೆ, ಯಾರಿಗೆ ಯಾವುದು ಹೊಂದುತ್ತದೆ ಅಂತ ಇಲ್ಲಿ ನೇರವಾಗಿ ಹೇಳುತ್ತೇನೆ.

ದೇಶಕ್ಕೆ ಹೋಗುವ ಮೊದಲು ಒಂದು ಮಾತು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ನೂರಕ್ಕೆ ಎಷ್ಟು ಜನಕ್ಕೆ ವೋಟಿತ್ತು ಅಂತ. ಆ ಲೆಕ್ಕ ಬೇಕು, ಆದರೆ ಅದೊಂದೇ ಸಾಲದು. ಜೊತೆಗೆ ಇನ್ನೂ ಮೂರು ಕೇಳಲೇಬೇಕು. ಬಡವನ ವೋಟಿಗೂ ಸಾಹುಕಾರನ ವೋಟಿಗೂ ಒಂದೇ ತೂಕ ಇತ್ತಾ? ವೋಟು ಹಾಕುವಾಗ ಜಮೀನ್ದಾರನೋ ಫ್ಯಾಕ್ಟರಿ ಧಣಿಯೋ ಪಕ್ಕದಲ್ಲಿ ನಿಂತು ನೋಡುತ್ತಿದ್ದನಾ? ಗೆದ್ದವರು ಹೋಗಿ ಕೂರುವ ಸಭೆಗೆ ಸರ್ಕಾರವನ್ನು ಇಳಿಸುವ ತಾಕತ್ತು ಇತ್ತಾ? ಈ ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಚಿತ್ರವೇ ಬದಲಾಗುತ್ತದೆ. 1871ರ ಜರ್ಮನಿಯಲ್ಲಿ 25 ದಾಟಿದ ಹೆಚ್ಚುಕಡಿಮೆ ಎಲ್ಲ ಗಂಡಸರಿಗೂ ವೋಟಿತ್ತು, ಅದೂ ಗುಟ್ಟಿನ ವೋಟು. ಅದೇ ವರ್ಷ ಬ್ರಿಟನ್ನಿನಲ್ಲಿ ಮತದಾರ ಎಲ್ಲರೆದುರು ಹೆಸರು ಕೂಗಿ ವೋಟು ಹಾಕಬೇಕಿತ್ತು, ಹಳ್ಳಿಯ ಕೂಲಿಯವನಿಗೆ ವೋಟೇ ಇರಲಿಲ್ಲ. ಹಾಗಂತ ಜರ್ಮನಿ ಮುಂದಿತ್ತು ಅಂತ ಬರೆದರೆ ತಪ್ಪಾಗುತ್ತದೆ. ಬರ್ಲಿನ್ನಿನ ಸಂಸತ್ತು ಸರ್ಕಾರದ ಮುಖ್ಯಸ್ಥನಾದ ಚಾನ್ಸೆಲರ್‌ನನ್ನು ಕುರ್ಚಿಯಿಂದ ಇಳಿಸುವ ಹಾಗಿರಲಿಲ್ಲ, ಲಂಡನ್ನಿನದು ಪ್ರಧಾನಿಯನ್ನು ಇಳಿಸಬಹುದಿತ್ತು.

ಇನ್ನೊಂದು ತಪ್ಪು ಕಲ್ಪನೆಯನ್ನೂ ಈಗಲೇ ಬಿಟ್ಟುಬಿಡಿ. ಉದಾರವಾದಿ ಅಂದರೆ ಎಲ್ಲರಿಗೂ ವೋಟು ಕೊಡಿ ಅನ್ನುವವನು ಅಂತ ನಾವು ಅಂದುಕೊಳ್ಳುತ್ತೇವೆ. ಆ ಕಾಲದ ಬಹುಪಾಲು ಉದಾರವಾದಿಗಳು ಹಾಗಿರಲಿಲ್ಲ. ರಾಜನ ದರ್ಬಾರು ಬೇಡ, ಪತ್ರಿಕೆಗೆ ಸ್ವಾತಂತ್ರ್ಯ ಬೇಕು, ಕಾನೂನಿನ ಮುಂದೆ ಎಲ್ಲರೂ ಒಂದೇ, ಇಷ್ಟನ್ನು ಅವರು ಗಟ್ಟಿಯಾಗಿ ಹೇಳುತ್ತಿದ್ದರು. ವೋಟಿನ ಮಾತು ಬಂದಾಗ ಮಾತ್ರ, ಇನ್ನೊಬ್ಬರ ಕೈಕೆಳಗೆ ದುಡಿದು ತಿನ್ನುವವನಿಗೆ ಸ್ವಂತ ಅಭಿಪ್ರಾಯ ಎಲ್ಲಿಂದ ಬರಬೇಕು, ಅವನ ವೋಟು ಧಣಿಯ ವೋಟೇ ತಾನೆ ಅನ್ನುತ್ತಿದ್ದರು. ಅದಕ್ಕೇ ಆಸ್ತಿ, ತೆರಿಗೆ, ಓದು ಅಂತ ಒಂದೊಂದು ದೇಶ ಒಂದೊಂದು ಬೇಲಿ ಹಾಕಿತು. ಈ ವಾದದಲ್ಲಿ ಭಯವೂ ಇತ್ತು, ಸ್ವಾರ್ಥವೂ ಇತ್ತು. ಆದರೆ ಅವರಲ್ಲಿ ಅನೇಕರು ಅದನ್ನು ಮನಸಾರೆ ನಂಬಿದ್ದರು ಅನ್ನುವುದೂ ನಿಜ. ಅದನ್ನು ಒಪ್ಪಿಕೊಳ್ಳದೆ ಓದಿದರೆ ಯಾವ ದೇಶದ ಕಥೆಯೂ ಅರ್ಥವಾಗುವುದಿಲ್ಲ.

ಬ್ರಿಟನ್: ನಿಧಾನದ ದಾರಿ, ಹೆಚ್ಚು ವಿವರ

ಮೊದಲ ಬಾರಿ ಓದುವವರಿಗೆ ಬ್ರಿಟನ್ ಸುಲಭ. ಮೂರು ದೊಡ್ಡ ಕಾಯ್ದೆಗಳಿವೆ, 1832, 1867, 1884. ನಡುವೆ ಒಂದು ದೊಡ್ಡ ಜನಚಳವಳಿ ಇದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರುಗಳು ಮೊದಲೇ ಬಂದು ಹೋಗಿರುವುದರಿಂದ ಪರಿಚಯದ ಊರಿಗೆ ಹೋದ ಹಾಗಿರುತ್ತದೆ.

1832ಕ್ಕೆ ಮುಂಚಿನ ಸ್ಥಿತಿ ನೋಡಿ. ಓಲ್ಡ್ ಸೇರಮ್ ಅನ್ನುವುದು ಜನವಸತಿಯೇ ಇಲ್ಲದ ಒಂದು ಹಳೇ ಕೋಟೆದಿಬ್ಬ, ಅದಕ್ಕೆ ಇಬ್ಬರು ಸಂಸದರು. ಡನಿಚ್ ಅನ್ನುವ ಊರಿನ ಬಹುಭಾಗ ಸಮುದ್ರದ ಪಾಲಾಗಿತ್ತು, ಅದಕ್ಕೂ ಇಬ್ಬರು. ಹೊಗೆ ಕಾರುವ ಗಿರಣಿಗಳಿಂದ ತುಂಬಿದ್ದ ಮ್ಯಾಂಚೆಸ್ಟರಿಗೆ ಮಾತ್ರ ತನ್ನದು ಅಂತ ಒಬ್ಬನೂ ಇರಲಿಲ್ಲ, ಬರ್ಮಿಂಗ್‌ಹ್ಯಾಮ್, ಲೀಡ್ಸ್‌ಗಳಿಗೂ ಇರಲಿಲ್ಲ. ಅರ್ಲ್ ಗ್ರೇಯ ಸರ್ಕಾರ 1832ರಲ್ಲಿ ಇಂಥ 56 ಕ್ಷೇತ್ರಗಳನ್ನು ಪೂರ್ತಿ ರದ್ದು ಮಾಡಿ ಹೊಸ ನಗರಗಳಿಗೆ ಸೀಟು ಕೊಟ್ಟಿತು. ಪಟ್ಟಣಗಳಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಮನೆ ಅಥವಾ ಅಂಗಡಿ ಇದ್ದವನಿಗೆ ವೋಟು ಅಂತಾಯಿತು. ಈ 10 ಪೌಂಡಿನ ಗೆರೆ ಕೇಳೋಕೆ ಎಲ್ಲರಿಗೂ ಒಂದೇ. ಬಾಡಿಗೆ ಜಾಸ್ತಿ ಇದ್ದ ಲಂಡನ್ನಿನಲ್ಲಿ ಎಷ್ಟೋ ಕುಶಲಕರ್ಮಿಗಳು ಅದನ್ನು ದಾಟಿದರು, ಬಾಡಿಗೆ ಕಡಿಮೆ ಇದ್ದ ಲೀಡ್ಸ್‌ನಲ್ಲಿ ಅಂಥದೇ ಕೆಲಸಗಾರರು ಹೊರಗೇ ಉಳಿದರು. ಇಷ್ಟೆಲ್ಲ ಆದ ಮೇಲೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವೋಟಿದ್ದದ್ದು ಐದು ಗಂಡಸರಲ್ಲಿ ಒಬ್ಬರಿಗೆ. ವೋಟು ಗಂಡಸಿಗೆ ಮಾತ್ರ ಅಂತ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದದ್ದೂ ಇದೇ ಕಾಯ್ದೆಯಲ್ಲಿ.

ಇಲ್ಲಿ ಮೋಸ ಹೋದೆವು ಅಂತ ಕೆಲಸಗಾರರಿಗೆ ಅನ್ನಿಸಿತು. ಅವರ ಚಳವಳಿಯ ಬೇಡಿಕೆ ಪತ್ರವಾದ 1838ರ ಚಾರ್ಟರಿನಲ್ಲಿ ಆರು ಬೇಡಿಕೆ ಇದ್ದವು. ಎಲ್ಲ ಗಂಡಸರಿಗೂ ವೋಟು, ಗುಟ್ಟಿನ ಮತದಾನ, ಸಮಾನ ಕ್ಷೇತ್ರಗಳು, ಸಂಸದನಾಗಲು ಆಸ್ತಿ ಇರಬೇಕು ಅನ್ನುವ ನಿಯಮ ರದ್ದು, ಸಂಸದರಿಗೆ ಸಂಬಳ, ವರ್ಷಕ್ಕೊಮ್ಮೆ ಚುನಾವಣೆ. 1842ರ ಮನವಿಗೆ 30 ಲಕ್ಷಕ್ಕೂ ಮೀರಿ ಸಹಿ ಬಿತ್ತು, ವೋಟಿದ್ದವರ ಸಂಖ್ಯೆಗಿಂತ ಎಷ್ಟೋ ಪಟ್ಟು ಜಾಸ್ತಿ. ಸಂಸತ್ತು ಅದನ್ನು ತಳ್ಳಿಹಾಕಿತು. ಮುಂದೆ ವರ್ಷಕ್ಕೊಮ್ಮೆ ಚುನಾವಣೆ ಅನ್ನುವುದೊಂದನ್ನು ಬಿಟ್ಟು ಮಿಕ್ಕ ಐದೂ ಒಂದೊಂದಾಗಿ ಕಾನೂನಾದವು, ಆದರೆ ಕೇಳಿದವರು ಎಷ್ಟೋ ಮಂದಿ ಅಷ್ಟರಲ್ಲಿ ತೀರಿಹೋಗಿದ್ದರು. ಸಂಸದರಿಗೆ ಸಂಬಳ ಬಂದದ್ದು 1911ರಲ್ಲಿ.

1867ರಲ್ಲಿ ಡಿಸ್ರೇಲಿ ತಂದ ಕಾಯ್ದೆ ಪಟ್ಟಣದ ಕೆಲಸಗಾರರ ಒಂದು ದೊಡ್ಡ ಭಾಗಕ್ಕೆ ವೋಟು ಕೊಟ್ಟಿತು, ಮತದಾರರ ಸಂಖ್ಯೆ ಸುಮಾರು ಎರಡು ಪಟ್ಟಾಯಿತು. ಕನ್ಸರ್ವೇಟಿವ್ ಪಕ್ಷದವನೇ ಇದನ್ನು ಯಾಕೆ ತಂದ ಅನ್ನುವುದು ಒಳ್ಳೇ ಪ್ರಶ್ನೆ, ಪ್ರಬಂಧಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹಿಂದಿನ ವರ್ಷವೇ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸಭೆ ಮಾಡಲು ಬಿಡದಾಗ ಜನ ಅಲ್ಲಿಯ ಕಬ್ಬಿಣದ ಬೇಲಿ ಕೆಡವಿದ್ದರು, ಉದಾರವಾದಿಗಳ ಮಸೂದೆ ಬಿದ್ದುಹೋಗಿತ್ತು. ಹೇಗೂ ಬರುವ ಬದಲಾವಣೆಯ ಕೀರ್ತಿ ಎದುರಾಳಿಗೆ ಯಾಕೆ ಹೋಗಬೇಕು ಅನ್ನುವ ಲೆಕ್ಕಾಚಾರ ಅಲ್ಲಿತ್ತು.

ಈಗ ಮೂರನೇ ಪ್ರಶ್ನೆ, ಗುಟ್ಟು. 1872ರವರೆಗೆ ಬ್ರಿಟನ್ನಿನಲ್ಲಿ ಮತದಾರ ಗುಮಾಸ್ತನ ಮುಂದೆ ನಿಂತು ತಾನು ಯಾರಿಗೆ ಅಂತ ಬಾಯಿಬಿಟ್ಟು ಹೇಳುತ್ತಿದ್ದ, ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಎಷ್ಟೋ ಕಡೆ ಆ ಪುಸ್ತಕ ಅಚ್ಚಾಗಿ ಮಾರಾಟಕ್ಕೂ ಬರುತ್ತಿತ್ತು, ಹೆಸರು, ಕಸುಬು, ಯಾರಿಗೆ ವೋಟು ಎಲ್ಲ ಸೇರಿ. ಜಮೀನ್ದಾರ ತನ್ನ ಗೇಣಿದಾರರ ಹೆಸರು ಹುಡುಕಿ ನೋಡಬಹುದಿತ್ತು. ಅಂಗಡಿಯವನ ಗಿರಾಕಿಗಳೂ ನೋಡಬಹುದಿತ್ತು, ವೋಟಿಲ್ಲದ ಕೆಲಸಗಾರರು ಇದನ್ನೇ ಹಿಡಿದು ಅಂಥ ಅಂಗಡಿಯಲ್ಲಿ ಸಾಮಾನು ಕೊಳ್ಳುವುದನ್ನು ಬಿಟ್ಟು ಒತ್ತಡ ಹಾಕಿದ್ದೂ ಉಂಟು. ಗುಟ್ಟಿನ ಮತದಾನ ಬಂದ ಮೇಲೆ ಮೊದಲು ಚುನಾವಣೆ ನಡೆದದ್ದು 1872ರ ಆಗಸ್ಟ್ 15ರಂದು, ಪಾಂಟಿಫ್ರ್ಯಾಕ್ಟ್ ಅನ್ನುವ ಊರಿನ ಉಪಚುನಾವಣೆಯಲ್ಲಿ. ಆ ಊರು ಅತಿಮಧುರದ ಬೇರಿನಿಂದ ಮಾಡುವ ಮಿಠಾಯಿಗೆ ಹೆಸರುವಾಸಿ. ಮತಪೆಟ್ಟಿಗೆಗೆ ಹಾಕಿದ ಅರಗಿನ ಮೇಲೆ ಒತ್ತಿದ್ದು ಆ ಮಿಠಾಯಿ ಕಾರ್ಖಾನೆಯ ಮುದ್ರೆಯನ್ನೇ. ಆ ಪೆಟ್ಟಿಗೆಯನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ.

ಹೆಂಗಸರ ವಿಷಯದಲ್ಲೂ ಬ್ರಿಟನ್ನಿನಲ್ಲಿ ಸಾಮಗ್ರಿ ತುಂಬಾ ಇದೆ. 1867ರಲ್ಲಿ ಉದಾರವಾದಿ ಚಿಂತಕ, ಸಂಸದ ಜಾನ್ ಸ್ಟುವರ್ಟ್ ಮಿಲ್ ಸಂಸತ್ತಿನಲ್ಲಿ, ಕಾಯ್ದೆಯಲ್ಲಿ ಗಂಡಸು ಅಂತ ಇರುವ ಕಡೆ ವ್ಯಕ್ತಿ ಅಂತ ಮಾಡಿ ಎಂಬ ತಿದ್ದುಪಡಿ ಮಂಡಿಸಿದ. ಪರವಾಗಿ 73, ವಿರುದ್ಧ 196. ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ ಲಿಲಿ ಮ್ಯಾಕ್ಸ್‌ವೆಲ್ ಅನ್ನುವ ಅಂಗಡಿಯಾಕೆಯ ಹೆಸರು ಕಣ್ತಪ್ಪಿನಿಂದ ಮತದಾರರ ಪಟ್ಟಿಗೆ ಸೇರಿಬಿಟ್ಟಿತ್ತು. ಆಕೆ ಬಿಡಲಿಲ್ಲ. ಹೆಂಗಸರ ವೋಟಿಗಾಗಿ ಹೋರಾಡುತ್ತಿದ್ದ ಲಿಡಿಯಾ ಬೆಕರ್ ಜೊತೆ ಮತಗಟ್ಟೆಗೆ ಹೋಗಿ ಅಭ್ಯರ್ಥಿ ಜೇಕಬ್ ಬ್ರೈಟ್ ಅಂತ ಎಲ್ಲರೆದುರು ಹೆಸರು ಹೇಳಿ ವೋಟು ಹಾಕಿದಳು, ಅದು ಲೆಕ್ಕಕ್ಕೂ ಬಂತು. ಮರುವರ್ಷ ಕೋರ್ಟು ಹೆಂಗಸರಿಗೆ ಈ ಹಕ್ಕಿಲ್ಲ ಅಂದುಬಿಟ್ಟಿತು. ಇದೇ ಮಿಲ್ ಗುಟ್ಟಿನ ಮತದಾನವನ್ನು ವಿರೋಧಿಸುತ್ತಿದ್ದ, ಓದಿದವರಿಗೆ ಒಂದಕ್ಕಿಂತ ಹೆಚ್ಚು ವೋಟು ಇರಲಿ ಅಂತಲೂ ವಾದಿಸಿದ್ದ. ವೋಟು ಅನ್ನುವುದು ಸಮಾಜ ನಂಬಿ ಕೊಟ್ಟ ಹೊಣೆ, ಅದನ್ನು ಹೇಗೆ ಬಳಸುತ್ತಾನೆ ಅಂತ ಸಮಾಜಕ್ಕೆ ಕಾಣಬೇಕು ಅನ್ನುವುದು ಅವನ ಮಾತು. ಒಬ್ಬನೇ ಮನುಷ್ಯನಲ್ಲಿ ಇವೆಲ್ಲ ಹೇಗೆ ಒಟ್ಟಿಗೆ ಇದ್ದವು ಅಂತ ಯೋಚಿಸಿದರೆ ಆ ಕಾಲದ ಉದಾರವಾದ ತಿಳಿಯಲು ಶುರುವಾಗುತ್ತದೆ.

1884ರಲ್ಲಿ ಹಳ್ಳಿಗಳಿಗೂ ಅದೇ ನಿಯಮ ಬಂತು, ಮರುವರ್ಷ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಬಹುಪಾಲು ಕ್ಷೇತ್ರಗಳಿಗೆ ಒಬ್ಬೊಬ್ಬರೇ ಸಂಸದರು ಅಂತಾಯಿತು. ಆಗಲೂ ಹತ್ತರಲ್ಲಿ ನಾಲ್ಕು ಗಂಡಸರು ಹೊರಗೆ. ಎರಡು ಮೂರು ಕಡೆ ಆಸ್ತಿ ಇದ್ದವನು ಎರಡು ಮೂರು ಕಡೆ ವೋಟು ಹಾಕುತ್ತಿದ್ದ, ಈ ಪದ್ಧತಿ ಪೂರ್ತಿ ಹೋಗಿದ್ದು 1948ರಲ್ಲಿ. ಬ್ರಿಟನ್ ಆರಿಸಿಕೊಂಡವರು ಒಂದು ಕಡೆ ಹುಷಾರಾಗಿರಬೇಕು. ಹಂತಹಂತವಾಗಿ, ಶಾಂತಿಯಿಂದ, ದೊಡ್ಡವರು ತಾವಾಗಿಯೇ ಕೊಟ್ಟರು ಅನ್ನುವ ಕಥೆ ತುಂಬಾ ಸಲೀಸಾಗಿ ಬರೆದುಹೋಗುತ್ತದೆ. ಪ್ರತಿ ಹಂತದ ಹಿಂದೆಯೂ ಬೀದಿಗಿಳಿದ ಜನ ಇದ್ದರು.

ಫ್ರಾನ್ಸ್: ಒಂದೇ ಏಟಿಗೆ ಎಲ್ಲ, ಆಮೇಲೆ ಹಿಂದಕ್ಕೆ

ಫ್ರಾನ್ಸಿನ ಕಥೆಗೆ ವೇಗ ಜಾಸ್ತಿ. 1814ರ ನಂತರದ ನಿಯಮದಲ್ಲಿ ವರ್ಷಕ್ಕೆ 300 ಫ್ರಾಂಕ್ ನೇರ ತೆರಿಗೆ ಕಟ್ಟುವ, 30 ದಾಟಿದ ಗಂಡಸಿಗೆ ಮಾತ್ರ ವೋಟು. ಚುನಾವಣೆಗೆ ನಿಲ್ಲಬೇಕಾದರೆ 1,000 ಫ್ರಾಂಕ್ ತೆರಿಗೆ, 40 ವಯಸ್ಸು. ಸುಮಾರು 3 ಕೋಟಿ ಜನರ ದೇಶದಲ್ಲಿ ಮತದಾರರು ಒಂದು ಲಕ್ಷದ ಆಸುಪಾಸು. 1820ರಲ್ಲಿ ಅದೂ ಸಾಲದು ಅಂತ, ಅವರಲ್ಲೇ ಅತಿ ಹೆಚ್ಚು ತೆರಿಗೆ ಕಟ್ಟುವ ಕಾಲುಭಾಗ ಜನರಿಗೆ ಎರಡನೇ ವೋಟೂ ಕೊಟ್ಟರು.

1830ರ ಕ್ರಾಂತಿಯ ಮೇಲೆ ಬಂದ ಲೂಯಿ ಫಿಲಿಪ್‌ನ ಆಳ್ವಿಕೆಯಲ್ಲಿ ತೆರಿಗೆಯ ಗೆರೆ 200 ಫ್ರಾಂಕಿಗೆ ಇಳಿಯಿತು. ಈ ತೆರಿಗೆಯನ್ನು ಲೆಕ್ಕ ಹಾಕುತ್ತಿದ್ದ ರೀತಿ ನೋಡಬೇಕು. ನಾಲ್ಕು ನೇರ ತೆರಿಗೆಗಳ ಮೊತ್ತ ಕೂಡಿಸುತ್ತಿದ್ದರು. ಭೂಮಿಯ ಕಂದಾಯ ಒಂದು, ವ್ಯಕ್ತಿ ಮತ್ತು ವಾಸದ ಮನೆಯ ಮೇಲಿನದು ಇನ್ನೊಂದು, ವ್ಯಾಪಾರದ ಲೈಸೆನ್ಸು ಮೂರನೆಯದು, ನಾಲ್ಕನೆಯದು ಬಾಗಿಲು ಮತ್ತು ಕಿಟಕಿಗಳ ಮೇಲಿನ ತೆರಿಗೆ. ಅಂದರೆ ಬೀದಿಗೆ ಎಷ್ಟು ಕಿಟಕಿ ತೆರೆದಿವೆ ಅನ್ನುವುದೂ ಒಬ್ಬ ಮನುಷ್ಯ ಮತದಾರನೋ ಅಲ್ಲವೋ ಅಂತ ತೀರ್ಮಾನಿಸುವುದರಲ್ಲಿ ಸೇರಿತ್ತು. ಪ್ರಸಿದ್ಧ ವಿದ್ವಾಂಸನೇ ಆಗಿದ್ದರೂ ತೆರಿಗೆ ಕಟ್ಟದಿದ್ದರೆ ವೋಟಿಲ್ಲ, ರಾಷ್ಟ್ರೀಯ ವಿದ್ವತ್ ಸಂಸ್ಥೆಯ ಸದಸ್ಯರಿಗಾದರೆ ಗೆರೆ 100 ಫ್ರಾಂಕ್. ಮಂತ್ರಿ ಗೀಜೋ ಇದನ್ನೆಲ್ಲ ಸಮರ್ಥಿಸುತ್ತಲೇ ಇದ್ದ. ಅವನು ಇತಿಹಾಸದ ಪ್ರೊಫೆಸರ್, ದೊಡ್ಡ ಓದುಗ, ಆದರೂ ಮತದಾರರ ಸಂಖ್ಯೆ ಸ್ವಲ್ಪ ಹೆಚ್ಚಿಸಿ ಅಂದರೂ ಜಗ್ಗಲಿಲ್ಲ. ಸಭೆಗಳಿಗೆ ನಿರ್ಬಂಧ ಇದ್ದದ್ದರಿಂದ ವಿರೋಧಿಗಳು ಊಟದ ಕೂಟ ಅಂತ ಕರೆದು ಅಲ್ಲೇ ಭಾಷಣ ಮಾಡತೊಡಗಿದರು. 1848ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಅಂಥ ಒಂದು ಕೂಟಕ್ಕೆ ತಡೆ ಬಿತ್ತು. ಜನ ಬೀದಿಗಿಳಿದರು, ಫೆಬ್ರವರಿ 24ಕ್ಕೆ ರಾಜ ಸಿಂಹಾಸನ ಬಿಟ್ಟ.

ಮಾರ್ಚ್ 5ರ ಆಜ್ಞೆಯಲ್ಲಿ 21 ದಾಟಿದ ಎಲ್ಲ ಗಂಡಸರಿಗೂ ವೋಟು. ಸುಮಾರು ಎರಡೂವರೆ ಲಕ್ಷ ಇದ್ದ ಮತದಾರರು ಒಂದೇ ಸಲಕ್ಕೆ 90 ಲಕ್ಷ ದಾಟಿದರು. ಏಪ್ರಿಲ್ 23, ಈಸ್ಟರ್ ಭಾನುವಾರ ಚುನಾವಣೆ, ನೂರಕ್ಕೆ 84 ಮಂದಿ ವೋಟು ಹಾಕಿದರು. ಆ ದಿನ ತನ್ನ ಊರಿನಲ್ಲಿ ಕಂಡದ್ದನ್ನು ಚಿಂತಕ, ರಾಜಕಾರಣಿ ಅಲೆಕ್ಸಿಸ್ ದ ತೋಕ್ವಿಲ್ ಬರೆದಿಟ್ಟಿದ್ದಾನೆ. ಹಳ್ಳಿಯ ಗಂಡಸರೆಲ್ಲ ಚರ್ಚಿನ ಮುಂದೆ ಸೇರಿ, ಅಕಾರಾದಿಯಾಗಿ ಇಬ್ಬಿಬ್ಬರ ಸಾಲು ಕಟ್ಟಿ, ಮತಗಟ್ಟೆ ಇದ್ದ ಊರಿಗೆ ನಡೆದುಕೊಂಡು ಹೊರಟರು. ಊರಿನ ದೊಡ್ಡಮನೆಯ ಅವನೂ ಸಾಲಿನಲ್ಲಿ ತನ್ನ ಅಕ್ಷರ ಬರುವ ಜಾಗದಲ್ಲೇ ನಿಂತ. ದಾರಿಯಲ್ಲಿ ನಾಲ್ಕು ಮಾತು ಹೇಳಿ ಅಂತ ಕೇಳಿಕೊಂಡಾಗ ಭಾಷಣವನ್ನೂ ಮಾಡಿದ. ಕೊನೆಗೆ ಹೆಚ್ಚುಕಡಿಮೆ ಎಲ್ಲರೂ ಒಬ್ಬನಿಗೇ ವೋಟು ಹಾಕಿದರು ಅಂತ ತನಗೆ ಅನ್ನಿಸಿತು ಅಂದಿದ್ದಾನೆ. ಆ ಒಬ್ಬ ಅವನೇ. ಇದನ್ನು ಓದಿದಾಗ ನನಗೆ ಎರಡು ಥರ ಅನ್ನಿಸುತ್ತದೆ. ಧಣಿ, ಆಳು ಒಂದೇ ಸಾಲಿನಲ್ಲಿ ನಿಂತದ್ದು ಸಣ್ಣ ಮಾತಲ್ಲ. ಆದರೆ ಆ ಸಾಲು ಹಳೇ ವಿಧೇಯತೆಯನ್ನೂ ಜೊತೆಗೇ ಹೊತ್ತುಕೊಂಡು ಹೋಗಿತ್ತು.

ಆಮೇಲಿನದು ನೋವಿನ ಕಥೆ. 1850ರ ಮೇ 31ರ ಕಾಯ್ದೆಯಲ್ಲಿ ಒಂದೇ ಕಡೆ ಮೂರು ವರ್ಷ ವಾಸವಿರಬೇಕು ಅಂತ ಮಾಡಿದರು. ಕೆಲಸ ಹುಡುಕಿಕೊಂಡು ಊರೂರು ತಿರುಗುವ ಕೂಲಿಕಾರರಲ್ಲಿ ಸುಮಾರು 30 ಲಕ್ಷ ಮಂದಿ ಪಟ್ಟಿಯಿಂದ ಹೋದರು. ವೋಟು ಕಿತ್ತುಕೊಂಡವರು ಯಾರೂ ನಿಮಗೆ ವೋಟಿಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ, ವಿಳಾಸದ ನಿಯಮ ಬರೆದರು. 1851ರ ಡಿಸೆಂಬರಿನಲ್ಲಿ ಅಧ್ಯಕ್ಷನಾಗಿದ್ದ ಲೂಯಿ ನೆಪೋಲಿಯನ್ ಸೈನ್ಯದ ಬಲದಿಂದ ಅಧಿಕಾರ ಹಿಡಿದಾಗ ಎಲ್ಲ ಗಂಡಸರಿಗೂ ವೋಟು ವಾಪಸ್ ಕೊಟ್ಟೆ ಅಂದ, ಜನರ ಮುಂದೆ ಅದೇ ಅವನ ದೊಡ್ಡ ಬಂಡವಾಳ. ಆದರೆ ಪ್ರತಿ ಕ್ಷೇತ್ರದಲ್ಲೂ ಸರ್ಕಾರದ್ದೇ ಒಬ್ಬ ಅಧಿಕೃತ ಅಭ್ಯರ್ಥಿ. ಅವನ ಪೋಸ್ಟರಿಗೆ ಮಾತ್ರ ಸರ್ಕಾರಿ ಪ್ರಕಟಣೆಯ ಬಿಳಿ ಕಾಗದ, ಅವನ ಪರವಾಗಿ ಓಡಾಡಲು ಜಿಲ್ಲಾಧಿಕಾರಿಯಿಂದ ಹಿಡಿದು ಊರಿನ ಮೇಯರ್ ತನಕ ಎಲ್ಲರೂ. ಗೆದ್ದ ಸಭೆಗೆ ತಾನಾಗಿ ಮಸೂದೆ ಮಂಡಿಸುವ ಹಕ್ಕೂ ಇರಲಿಲ್ಲ. ಮೊದಲ ಪ್ರಶ್ನೆಗೆ ಪೂರ್ತಿ ಅಂಕ, ನಾಲ್ಕನೆಯದಕ್ಕೆ ಸೊನ್ನೆ. ಮುಂದೆ 1870ರಲ್ಲಿ ಶುರುವಾದ ಮೂರನೇ ಗಣರಾಜ್ಯದಲ್ಲಿ ಸಭೆಗೆ ಶಕ್ತಿ ಬಂತು, ಆದರೆ ಮತದಾರ ಒಳಗೆ ಹೋಗಿ ಮರೆಯಲ್ಲಿ ವೋಟು ಹಾಕುವ ಕೋಣೆ ಬರಲು 1913 ಆಗಬೇಕಾಯಿತು. ಹೆಂಗಸರಿಗೆ 1944.

ಬ್ರಿಟನ್ನಿನ ಪಕ್ಕಕ್ಕೆ ಇಡಲು ಇದಕ್ಕಿಂತ ಒಳ್ಳೇ ಜೋಡಿ ಇಲ್ಲ. ಒಂದು ಕಡೆ ವೋಟು ನಿಧಾನವಾಗಿ ಹರಡಿತು, ಸಭೆಯ ಅಧಿಕಾರ ಗಟ್ಟಿಯಾಗಿತ್ತು. ಇನ್ನೊಂದು ಕಡೆ ವೋಟು ಒಮ್ಮೆಗೇ ಬಂತು, ಸಭೆ ಏಳುತ್ತಾ ಬೀಳುತ್ತಾ ಇತ್ತು.

ಪ್ರಷ್ಯಾ ಮತ್ತು ಜರ್ಮನಿ: ನನ್ನ ಆಯ್ಕೆ

ಒಂದೇ ದೇಶ ಓದುವಷ್ಟು ಸಮಯ ಇದ್ದು, ಬ್ರಿಟನ್ನಿನ ಪರಿಚಯ ಮೊದಲೇ ಸ್ವಲ್ಪ ಇದ್ದರೆ ನಾನು ಹೇಳುವುದು ಇದನ್ನೇ. ವೋಟು ಎಲ್ಲರಿಗೂ ಕೊಟ್ಟು ಅದರ ತೂಕವನ್ನು ಹೇಗೆ ತೆಗೆಯಬಹುದು ಅಂತ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಪ್ರಷ್ಯಾ ಅಂದರೆ 1871ರಲ್ಲಿ ಒಂದಾದ ಜರ್ಮನಿಯ ಅತಿ ದೊಡ್ಡ ರಾಜ್ಯ. ಅಲ್ಲಿ 1849ರ ಮೇ 30ರಂದು ರಾಜ ನಾಲ್ಕನೇ ಫ್ರೆಡರಿಕ್ ವಿಲಿಯಂ ಹೊರಡಿಸಿದ ಆಜ್ಞೆಯ ಪ್ರಕಾರ 24 ದಾಟಿದ ಗಂಡಸರಿಗೆಲ್ಲ ವೋಟು. ಕೇಳಲು ಚೆನ್ನಾಗಿದೆ, ಅಲ್ವಾ? ಲೆಕ್ಕ ಹೀಗೆ ನಡೆಯುತ್ತಿತ್ತು. ಒಂದು ಕಡೆಯ ಒಟ್ಟು ನೇರ ತೆರಿಗೆ 3,000 ಥಾಲರ್ (ಆಗಿನ ನಾಣ್ಯ) ಅಂತ ಇಟ್ಟುಕೊಳ್ಳಿ. ಅತಿ ಹೆಚ್ಚು ಕಟ್ಟುವವನಿಂದ ಶುರುಮಾಡಿ ಕೆಳಗಿನವರೆಗೆ ಹೆಸರು ಬರೆಯಿರಿ. ಮೊದಲ 1,000 ಥಾಲರ್ ತುಂಬುವವರೆಗಿನ ಹೆಸರುಗಳು ಒಂದನೇ ವರ್ಗ, ಮುಂದಿನ 1,000 ಎರಡನೇ ವರ್ಗ, ಉಳಿದವರೆಲ್ಲ ಮೂರನೇ ವರ್ಗ. ಮೊದಲ ವರ್ಗದಲ್ಲಿ ಮೂರೇ ಜನ ಇರಬಹುದು, ಮೂರನೆಯದರಲ್ಲಿ ನಾನೂರು. ಮೂರು ವರ್ಗಕ್ಕೂ ಸಮಸಂಖ್ಯೆಯ ಪ್ರತಿನಿಧಿ ಮತದಾರರು, ಆ ಪ್ರತಿನಿಧಿಗಳು ಮುಂದೆ ಶಾಸಕನನ್ನು ಆರಿಸುತ್ತಾರೆ. ಇಡೀ ಪ್ರಷ್ಯಾದಲ್ಲಿ 1849ರಲ್ಲಿ ಮೊದಲ ವರ್ಗದಲ್ಲಿದ್ದವರು ಶೇ. 4.7, ಎರಡನೆಯದರಲ್ಲಿ ಶೇ. 12.6, ಮೂರನೆಯದರಲ್ಲಿ ಶೇ. 82.7. ಮತದಾನ ಬಾಯಿಮಾತಿನಲ್ಲಿ, ಎಲ್ಲರೆದುರು. ಊರಿನ ಆಡಳಿತ ಮಂಡಳಿಗಳಿಗೂ ಇಂಥದೇ ವರ್ಗಗಳಿದ್ದವು. ಎಸ್ಸೆನ್ ನಗರದಲ್ಲಿ ಕೆಲವು ವರ್ಷ ಮೊದಲ ವರ್ಗದಲ್ಲಿ ಉಕ್ಕಿನ ಕಾರ್ಖಾನೆಯ ಧಣಿ ಕ್ರುಪ್ ಒಬ್ಬನೇ ಇದ್ದ, ನಗರಸಭೆಯ ಮೂರನೇ ಒಂದು ಭಾಗವನ್ನು ಅವನೊಬ್ಬನೇ ಆರಿಸುತ್ತಿದ್ದ.

ಈ ಪದ್ಧತಿ 1918ರವರೆಗೂ ಉಳಿಯಿತು. ಫಲ ಏನಾಯಿತು ಅಂದರೆ, 1903ರಲ್ಲಿ ಪ್ರಷ್ಯಾದ ಶಾಸನಸಭೆಯ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಟರಿಗೆ ಐದರಲ್ಲಿ ಒಂದರ ಹತ್ತಿರದಷ್ಟು ಮತ ಬಿದ್ದರೂ ಒಂದು ಸೀಟೂ ಸಿಗಲಿಲ್ಲ. 1908ರಲ್ಲಿ ಎಲ್ಲರಿಗಿಂತ ಜಾಸ್ತಿ ಮತ ಬಂದರೂ ಸಿಕ್ಕಿದ್ದು 7 ಸೀಟು.

ಇದರ ಮೇಲೆ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ 1867ರಲ್ಲಿ ಉತ್ತರ ಜರ್ಮನ್ ಒಕ್ಕೂಟಕ್ಕೆ, 1871ರಲ್ಲಿ ಸಾಮ್ರಾಜ್ಯಕ್ಕೆ ಇನ್ನೊಂದು ಸಭೆ ಕಟ್ಟಿದ, ರೈಖ್‌ಸ್ಟಾಗ್. ಅದಕ್ಕೆ 25 ದಾಟಿದ ಗಂಡಸರ ನೇರ, ಸಮಾನ, ಗುಟ್ಟಿನ ವೋಟು. ಅವನ ಎಣಿಕೆ ಬೇರೆಯೇ ಇತ್ತು. ಹಳ್ಳಿಯ ಜನ ರಾಜನಿಗೆ ನಿಷ್ಠರು, ಅವರ ವೋಟಿನಿಂದ ಪಟ್ಟಣದ ಉದಾರವಾದಿಗಳನ್ನು ಅದುಮಬಹುದು ಅಂದುಕೊಂಡಿದ್ದ. ಹಾಗಾಗಿ ಒಂದೇ ಮನುಷ್ಯ ಪ್ರಷ್ಯಾದ ಚುನಾವಣೆಯಲ್ಲಿ ಮೂರನೇ ವರ್ಗದ ಗುಂಪಿನಲ್ಲಿ ಬಾಯಿಬಿಟ್ಟು ಹೇಳಬೇಕು, ರೈಖ್‌ಸ್ಟಾಗ್ ಚುನಾವಣೆಯಲ್ಲಿ ಚೀಟಿ ಮಡಚಿ ಹಾಕಬಹುದು. ಆ ಚೀಟಿಗೂ 1903ರವರೆಗೆ ಲಕೋಟೆ ಇರಲಿಲ್ಲ. ಪಕ್ಷಗಳೇ ಚೀಟಿ ಅಚ್ಚು ಮಾಡಿಸುತ್ತಿದ್ದರಿಂದ ಯಾವ ಕಾಗದ ಯಾರದು ಅಂತ ಹಳ್ಳಿಯಲ್ಲಿ ಕಂಡುಹಿಡಿಯುವುದು ಕಷ್ಟವಿರಲಿಲ್ಲ. ಕ್ಷೇತ್ರಗಳ ಗಡಿಯನ್ನು 1918ರವರೆಗೂ ಜನಸಂಖ್ಯೆಗೆ ತಕ್ಕ ಹಾಗೆ ಬದಲಿಸಲಿಲ್ಲ, ಬರ್ಲಿನ್ನಿನಂಥ ನಗರಗಳು ಉಬ್ಬುತ್ತಾ ಹೋದರೂ ಸೀಟು ಅಷ್ಟೇ. 1878ರಿಂದ 1890ರವರೆಗೆ ಸಮಾಜವಾದಿಗಳ ಸಂಘಟನೆ, ಸಭೆ, ಪತ್ರಿಕೆ ಎಲ್ಲಕ್ಕೂ ನಿಷೇಧ ಇತ್ತು, ಆದರೂ ಅವರು ಅಭ್ಯರ್ಥಿಗಳಾಗಿ ನಿಲ್ಲಬಹುದಿತ್ತು. ಅಷ್ಟೊಂದು ಸಣ್ಣ ಸಂದಿಯಲ್ಲಿ ನುಗ್ಗಿ ಅವರು 1890ರಲ್ಲಿ ಎಲ್ಲ ಪಕ್ಷಗಳಿಗಿಂತ ಜಾಸ್ತಿ ಮತ ಪಡೆದರು. ವೋಟು ಕೊಟ್ಟವನ ಲೆಕ್ಕ ತಲೆಕೆಳಗಾಯಿತು. ಸರ್ಕಾರ ಮಾತ್ರ ಕೈಸರ್, ಅಂದರೆ ಚಕ್ರವರ್ತಿ, ನೇಮಿಸಿದವರ ಕೈಯಲ್ಲೇ ಉಳಿಯಿತು.

ಕಷ್ಟ ಏನೆಂದರೆ ಇಲ್ಲಿ ಎರಡು ಸಭೆ, ಎರಡು ನಿಯಮ. ಹೊಸಬರು ಪ್ರಷ್ಯಾದ್ದನ್ನು ಜರ್ಮನಿಯದು ಅಂತಲೋ, ಜರ್ಮನಿಯದನ್ನು ಪ್ರಷ್ಯಾದ್ದು ಅಂತಲೋ ಬರೆದುಬಿಡುವುದು ಜಾಸ್ತಿ. ಟಿಪ್ಪಣಿ ಮಾಡುವಾಗ ಎರಡಕ್ಕೂ ಬೇರೆ ಬೇರೆ ಹಾಳೆ ಇಟ್ಟುಕೊಳ್ಳಿ.

ಬೆಲ್ಜಿಯಂ: ಚಿಕ್ಕದು, ಕಡಿಮೆ ಸಮಯಕ್ಕೆ ಸಾಕು

ಹತ್ತು ಪುಟದ ಪ್ರಾಜೆಕ್ಟ್ ಅಷ್ಟೇ ಬೇಕಿದ್ದರೆ ಬೆಲ್ಜಿಯಂ ತೆಗೆದುಕೊಳ್ಳಿ. 1831ರ ಅದರ ಸಂವಿಧಾನ ಯುರೋಪಿನಲ್ಲೇ ಉದಾರವಾದದ್ದು ಅಂತ ಹೆಸರಾಗಿತ್ತು. ಪತ್ರಿಕೆ, ಸಂಘ, ಧರ್ಮ ಎಲ್ಲಕ್ಕೂ ಸ್ವಾತಂತ್ರ್ಯ ಇತ್ತು. ಮತದಾರರು ಮಾತ್ರ ಸುಮಾರು 46,000, ಜನಸಂಖ್ಯೆಯ ನೂರರಲ್ಲಿ ಒಂದು ಪಾಲು. 1848ರಲ್ಲಿ ಫ್ರಾನ್ಸಿನ ಕ್ರಾಂತಿಯ ಸದ್ದು ಕೇಳಿದ ಕೂಡಲೇ ತೆರಿಗೆಯ ಗೆರೆ ಇಳಿಸಿದರು, ಕ್ರಾಂತಿ ಗಡಿ ದಾಟಲಿಲ್ಲ.

ನಿಜವಾದ ತಿರುವು 1893ರದು. ಬೆಲ್ಜಿಯಂ ವರ್ಕರ್ಸ್ ಪಾರ್ಟಿ ಏಪ್ರಿಲ್‌ನಲ್ಲಿ ಇಡೀ ದೇಶದಲ್ಲಿ ಮುಷ್ಕರ ಮಾಡಿಸಿತು. ಗಣಿ, ಗಿರಣಿಗಳು ನಿಂತವು, ಮೋನ್ಸ್ ಊರಿನಲ್ಲಿ ಗುಂಡು ಹಾರಿ ಜನ ಸತ್ತರು. ಸಂಸತ್ತು ಮಣಿಯಿತು, ಆದರೆ ಅರ್ಧ. 25 ದಾಟಿದ ಎಲ್ಲ ಗಂಡಸರಿಗೂ ಒಂದು ವೋಟು. 35 ದಾಟಿ ಸಂಸಾರ ಇದ್ದು 5 ಫ್ರಾಂಕ್ ತೆರಿಗೆ ಕಟ್ಟುವವನಿಗೆ ಇನ್ನೊಂದು. ಇಷ್ಟು ಅಂತ ಆಸ್ತಿ ಅಥವಾ ಉಳಿತಾಯ ಇದ್ದವನಿಗೆ ಒಂದು. ಮೇಲ್ಮಟ್ಟದ ಓದು ಇದ್ದವನಿಗೆ ಎರಡು. ಎಲ್ಲ ಸೇರಿ ಮೂರಕ್ಕೆ ಮಿತಿ. 1894ರ ಚುನಾವಣೆಯಲ್ಲಿ 13 ಲಕ್ಷಕ್ಕೂ ಜಾಸ್ತಿ ಮತದಾರರ ಕೈಯಲ್ಲಿ 20 ಲಕ್ಷಕ್ಕೂ ಜಾಸ್ತಿ ಮತಗಳಿದ್ದವು. ಮತದಾನ ಕಡ್ಡಾಯ ಮಾಡಿದ್ದೂ ಆಗಲೇ. 1899ರ ಕಾನೂನಿನಿಂದ ಅನುಪಾತ ಪ್ರಾತಿನಿಧ್ಯ ಬಂತು, ಪಕ್ಷಕ್ಕೆ ಬಿದ್ದ ಮತದ ಪ್ರಮಾಣದಲ್ಲೇ ಸೀಟು. ಸೀಟು ಹಂಚುವ ಆ ಲೆಕ್ಕ ಮಾಡಿಕೊಟ್ಟ ವಿಕ್ಟರ್ ದೊಂಟ್ ಅನ್ನುವ ವಕೀಲನ ಹೆಸರಿನಲ್ಲಿ ಇಂದಿಗೂ ಎಷ್ಟೋ ದೇಶಗಳಲ್ಲಿ ಸೀಟು ಹಂಚುತ್ತಾರೆ. ಆಸ್ತಿಯ ಬೇಲಿ, ಮುಷ್ಕರ, ತೂಕದ ವೋಟು, ಕಡ್ಡಾಯ ಮತದಾನ, ಅನುಪಾತ ಪ್ರಾತಿನಿಧ್ಯ, ಎಲ್ಲವೂ ಒಂದೇ ಪುಟ್ಟ ದೇಶದಲ್ಲಿ. ಕನ್ನಡದಲ್ಲಿ ಸಾಮಗ್ರಿ ಸಿಗುವುದು ಕಷ್ಟ ಅನ್ನುವುದೊಂದೇ ತೊಡಕು.

ಇನ್ನು ಮೂರು, ಚುಟುಕಾಗಿ

ಹೆಂಗಸರ ವೋಟೇ ನಿಮ್ಮ ವಿಷಯವಾದರೆ ಯುರೋಪನ್ನು ಬಿಟ್ಟು ನೇರವಾಗಿ ನ್ಯೂಜಿಲೆಂಡಿಗೆ ಹೋಗಿ. ಕೇಟ್ ಶೆಪರ್ಡ್ ಮತ್ತು ಸಂಗಡಿಗರು ಸಹಿ ಸಂಗ್ರಹಿಸಿ, 1893ರ ಸೆಪ್ಟೆಂಬರ್ 19ರಂದು ಕಾನೂನು ಮಾಡಿಸಿದರು. ಮಾವೊರಿ ಹೆಂಗಸರಿಗೂ ಆ ಹಕ್ಕು ಸೇರಿತ್ತು. ಚುನಾವಣೆಗೆ ನಿಲ್ಲುವ ಹಕ್ಕು ಮಾತ್ರ ಅಲ್ಲಿ 1919ರಲ್ಲಿ ಬಂತು.

ಸಿಕ್ಕ ಹಕ್ಕು ಹೇಗೆ ಕೈಬಿಟ್ಟು ಹೋಗುತ್ತದೆ ಅಂತ ನೋಡಬೇಕಾದರೆ ಅಮೆರಿಕದ ದಕ್ಷಿಣ ರಾಜ್ಯಗಳು. 1870ರ ಹದಿನೈದನೇ ತಿದ್ದುಪಡಿ ಬಣ್ಣದ ಕಾರಣಕ್ಕೆ ವೋಟು ತಡೆಯಬಾರದು ಅಂದಿತು. ಆಮೇಲೆ ಓದು ಬರಹದ ಪರೀಕ್ಷೆ, ತಲೆಗಂದಾಯ ಅಂತ ಬಣ್ಣದ ಹೆಸರನ್ನೇ ಎತ್ತದೆ ನಿಯಮ ಮಾಡಿದರು. ಲೂಸಿಯಾನಾದಲ್ಲಿ 1896ರಲ್ಲಿ 1,30,000ಕ್ಕೂ ಜಾಸ್ತಿ ಕಪ್ಪು ಜನ ಪಟ್ಟಿಯಲ್ಲಿದ್ದರು, 1900ರ ಹೊತ್ತಿಗೆ ಉಳಿದದ್ದು 5,000 ಚಿಲ್ಲರೆ. ಇದನ್ನು ಓದುವುದು ಕಷ್ಟ, ಆದರೆ ಯಾರೂ ತಪ್ಪಿಸಬಾರದು.

ಇಟಲಿಯನ್ನು ನಾನು ಮೊದಲ ಆಯ್ಕೆ ಅನ್ನುವುದಿಲ್ಲ. ಓದು ಬರುವವರಿಗೇ ವೋಟು ಅಂದರೆ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ಅದು ಒಳ್ಳೇ ಉದಾಹರಣೆ. 1861ರಲ್ಲಿ ಅಲ್ಲಿ ವೋಟಿದ್ದದ್ದು ನೂರಕ್ಕೆ ಇಬ್ಬರಿಗೆ.

ನಮ್ಮ ಕಡೆಗೆ ನಂಟು ಬೇಕಿದ್ದರೆ

ಫ್ರಾನ್ಸ್ ಆರಿಸಿಕೊಂಡವರಿಗೆ ಪುದುಚೇರಿ ಸಿಗುತ್ತದೆ. 1871ರಿಂದ ಪುದುಚೇರಿ, ಕಾರೈಕಲ್, ಮಾಹೆಯಂಥ ಫ್ರೆಂಚ್ ನೆಲೆಗಳು ಪ್ಯಾರಿಸ್ಸಿನ ಸಂಸತ್ತಿಗೆ ಒಬ್ಬ ಪ್ರತಿನಿಧಿಯನ್ನು ಕಳಿಸುತ್ತಿದ್ದವು, ಅಲ್ಲಿಯ ಭಾರತೀಯ ಗಂಡಸರೂ ವೋಟು ಹಾಕುತ್ತಿದ್ದರು. ಬ್ರಿಟನ್ ಆರಿಸಿಕೊಂಡರೆ 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದ ದಾದಾಭಾಯಿ ನವರೋಜಿ ಇದ್ದಾರೆ.

ಮೈಸೂರಿನವರಿಗೆ ಇನ್ನೂ ಹತ್ತಿರದ್ದಿದೆ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರಿನಲ್ಲಿ, ದಸರಾ ಹೊತ್ತಿಗೆ, ಪ್ರಜಾ ಪ್ರತಿನಿಧಿ ಸಭೆಯನ್ನು ಮೊದಲ ಬಾರಿ ಸೇರಿಸಿದರು. 144 ಮಂದಿ ಬಂದಿದ್ದರು, ಬಹುಪಾಲು ಜಮೀನಿದ್ದವರು ಮತ್ತು ವರ್ತಕರು. ಆಗ ಚುನಾವಣೆ ಇರಲಿಲ್ಲ, ಅದು ಬಂದದ್ದು ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಆಸ್ತಿಯ ಅರ್ಹತೆಯ ಜೊತೆಗೆ. ಸದಸ್ಯರು ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವ ಹಾಗಿರಲಿಲ್ಲ. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ಇದಕ್ಕೂ ಹಾಕಿ, 1831ರ ಬೆಲ್ಜಿಯಂ ಪಕ್ಕಕ್ಕೆ ಇಟ್ಟು ನೋಡಿ. ಒಳ್ಳೇ ಪ್ರಾಜೆಕ್ಟ್ ಆಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಪರೀಕ್ಷೆಗೆ ಓದುವವರು ಬ್ರಿಟನ್ ತೆಗೆದುಕೊಳ್ಳಿ, ಪಕ್ಕಕ್ಕೆ 1848ರ ಫ್ರಾನ್ಸ್ ಇಡಿ. ಪ್ರಶ್ನೆಗಳು ಸಾಮಾನ್ಯವಾಗಿ ಅಲ್ಲೇ ಸುತ್ತುತ್ತವೆ. ಪಾಠ ಮಾಡುವವರು ಪ್ರಷ್ಯಾದ ಮೂರು ವರ್ಗದ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಿ. ಮಕ್ಕಳ ಕೈಗೆ ಬೇರೆ ಬೇರೆ ತೆರಿಗೆಯ ಚೀಟಿ ಕೊಟ್ಟು, ವರ್ಗ ಹಂಚಿ, ವೋಟು ಎಣಿಸಿ. ಸಮಯ ಕಡಿಮೆ ಇದ್ದವರಿಗೆ ಬೆಲ್ಜಿಯಂ. ಎರಡು ತಿಂಗಳು ಪುರುಸೊತ್ತಿರುವವರು, ಇಂದಿನ ಚುನಾವಣೆಗಳ ಬಗ್ಗೆ ಯೋಚಿಸುವ ಅಭ್ಯಾಸ ಇರುವವರು ಜರ್ಮನಿ ಮತ್ತು ಲೂಸಿಯಾನಾ ಎರಡನ್ನೂ ಒಟ್ಟಿಗೆ ಓದಿ. ಒಂದರಲ್ಲಿ ವೋಟು ಇದ್ದೂ ತೂಕ ಇಲ್ಲ, ಇನ್ನೊಂದರಲ್ಲಿ ಸಂವಿಧಾನದಲ್ಲಿ ಹಕ್ಕು ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲ. ಮೊದಲು ಪ್ರಷ್ಯಾದ 1849ರ ಆಜ್ಞೆಯಿಂದ ಶುರುಮಾಡಿ, ಅಲ್ಲಿಂದ 1890ಕ್ಕೆ ಬನ್ನಿ, ಆಮೇಲೆ ಅಮೆರಿಕಕ್ಕೆ ಹೋಗಿ.